ಲಕೋಟೆ ಒಡೆದವರು ಯಾರು?

ಹತ್ತೊಂಬತ್ತನೆಯ ಶತಮಾನದಲ್ಲಿ ಅಂಚೆಯ ಮೂಲಕ ಹಣ ಕಳಿಸುವವರು ಕತ್ತರಿಯನ್ನು ಕೈಯಲ್ಲಿ ಹಿಡಿದೇ ಕೂರುತ್ತಿದ್ದರು. 1861ರಲ್ಲಿ ಭಾರತ ಸರ್ಕಾರ ಕಾಗದದ ನೋಟುಗಳನ್ನು ತನ್ನ ಕೈಗೆ ತೆಗೆದುಕೊಂಡ ಮೇಲೆ ಈ ರೂಢಿ ಇನ್ನಷ್ಟು ಹರಡಿತು. ದೊಡ್ಡ ಮೊತ್ತದ ನೋಟನ್ನು ನಡುವೆ ಕತ್ತರಿಸಿ ಎರಡು ತುಂಡು ಮಾಡುವುದು. ಒಂದು ತುಂಡನ್ನು ಮೊದಲು ಟಪಾಲಿಗೆ ಹಾಕುವುದು. ಅದು ಕ್ಷೇಮವಾಗಿ ತಲುಪಿತೆಂದು ಆ ಕಡೆಯಿಂದ ಕಾಗದ ಬಂದ ಮೇಲೆ ಇನ್ನೊಂದು ತುಂಡನ್ನು ಕಳಿಸುವುದು. ಎರಡೂ ತುಂಡುಗಳ ಸಂಖ್ಯೆ ತಾಳೆಯಾದರೆ ಅಂಟಿಸಿದ ನೋಟಿಗೆ ಹಣ ಸಿಗುತ್ತಿತ್ತು. ದಾರಿಯಲ್ಲಿ ಯಾರಾದರೂ ಲಕೋಟೆ ಬಿಚ್ಚಿದರೆ ಅವರ ಪಾಲಿಗೆ ಬರುವುದು ಕಾಸಿಗೂ ಬಾಳದ ಅರ್ಧ ನೋಟು. ಹೀಗೆ ಕತ್ತರಿಸಿ ಮತ್ತೆ ಅಂಟಿಸಿದ ನೋಟುಗಳು ನಾಣ್ಯ ಸಂಗ್ರಾಹಕರ ಬಳಿ ಇಂದಿಗೂ ನೋಡಸಿಗುತ್ತವೆ.

ಈ ಕತ್ತರಿಯ ಹಿಂದೆ ಇದ್ದದ್ದು ಅಂಚೆಯ ಮೇಲಿನ ಅಪನಂಬಿಕೆ. ಬೀಗವಿಲ್ಲದ ಒಂದು ಕಾಗದದ ಹೊದಿಕೆ ಹತ್ತಾರು ಅಪರಿಚಿತ ಕೈಗಳನ್ನು ದಾಟಿ ಊರಿಂದೂರಿಗೆ ಹೋಗಬೇಕು. ಅದು ಮಳೆಗೆ ನೆನೆಯಬಹುದು, ಚೀಲದ ಭಾರಕ್ಕೆ ನಜ್ಜುಗುಜ್ಜಾಗಬಹುದು. ಯಾರೋ ಬಿಡಿಸಿ ಓದಬಹುದು, ಒಳಗಿದ್ದದ್ದನ್ನು ಲಪಟಾಯಿಸಬಹುದು. ಹರಿದ ಪೊಟ್ಟಣ ಹಿಡಿದು ಅಂಚೆ ಕಚೇರಿಯ ಕಿಟಕಿಯೆದುರು ಜಗಳಕ್ಕೆ ನಿಲ್ಲುವ ಇವತ್ತಿನ ಗ್ರಾಹಕನ ಸಿಟ್ಟಿಗೆ ಬಹಳ ಹಳೆಯ ಬೇರುಗಳಿವೆ. ಆ ಚರಿತ್ರೆಯನ್ನು ಕೆದಕುತ್ತ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪತ್ರ ಯಾರ ಕೈಯಲ್ಲಿದ್ದಾಗ ಒಡೆಯಿತು ಎಂದು ಬೊಟ್ಟುಮಾಡಿ ತೋರಿಸುವ ವ್ಯವಸ್ಥೆ ಬಂದ ಮೇಲೆಯೇ ಜನ ಅಂಚೆಯನ್ನು ನಂಬತೊಡಗಿದರು. ಆ ವ್ಯವಸ್ಥೆಯ ಒಂದು ಮುಖ್ಯ ಆಧಾರವನ್ನು ಈಚೆಗೆ ಸದ್ದಿಲ್ಲದೆ ಕಿತ್ತುಹಾಕಲಾಗಿದೆ.

ಕನ್ನಡ ನಾಡಿನಲ್ಲಿ ಅಂಚೆಯ ಮಾತು ಬಂದರೆ ಮೊದಲು ನೆನಪಾಗುವ ಹೆಸರು ಮೈಸೂರಿನ ಚಿಕ್ಕದೇವರಾಜ ಒಡೆಯರದು. 1673ರಿಂದ 1704ರವರೆಗೆ ಆಳಿದ ಅವರು ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿ ‘ಅಠಾರಾ ಕಚೇರಿ’ ಕಟ್ಟಿದರು. ರಾಜ್ಯದಲ್ಲಿ ಕ್ರಮಬದ್ಧ ಅಂಚೆಯನ್ನು ನೆಲೆಗೊಳಿಸಿದ ಕೀರ್ತಿಯೂ ಅವರಿಗೇ ಸಲ್ಲುತ್ತದೆ. ಆದರೆ ಆ ಅಂಚೆಗೆ ಇನ್ನೊಂದು ಮುಖವಿತ್ತು. ಟಿಪ್ಪುವಿನ ಪತನದ ನಂತರ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಮೊದಲ ಸಂಪುಟ ಕಂಡ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ಇದನ್ನು ವಿವರಿಸಿದ್ದಾನೆ. ಮೈಸೂರಿನ ಅಂಚೆ ಸುದ್ದಿಯನ್ನು ಸಾಗಿಸುತ್ತಿತ್ತು, ಜೊತೆಗೆ ಕಲೆಹಾಕುತ್ತಲೂ ಇತ್ತು. ಅಂಚೆಯ ಮುಖ್ಯಸ್ಥರು ಆಸ್ಥಾನದ ನಂಬಿಕಸ್ಥರು. ಕೆಳಗಿನ ನೌಕರರು ತಮ್ಮ ಸೀಮೆಯ ಗುಟ್ಟುಗಳನ್ನು ಮೇಲಕ್ಕೆ ಮುಟ್ಟಿಸುವ ಬೇಹಿನವರು. ಹೈದರ್ ಅಲಿಯ ಕಾಲಕ್ಕೆ ಈ ಜಾಲ ಇನ್ನಷ್ಟು ಬಿಗಿಯಾಯಿತೆಂದೂ ಆತ ಬರೆಯುತ್ತಾನೆ.

ವಿಲ್ಕ್ಸ್ ಕಂಪನಿಯ ಮನುಷ್ಯ. ದೇಶೀ ಅರಸರ ಬಗ್ಗೆ ಆತನ ಮಾತನ್ನು ಎಚ್ಚರದಿಂದಲೇ ಓದಬೇಕು. ಆದರೆ ಇದು ಮೈಸೂರಿಗೆ ಮಾತ್ರ ಅಂಟಿದ ಕಳಂಕವೇನಲ್ಲ. ಮೊಗಲರ ‘ಡಾಕ್ ಚೌಕಿ’ಯ ದಾರೋಗಾನೂ ಪತ್ರ ಸಾಗಿಸುವುದರ ಜೊತೆಗೆ ಪ್ರಾಂತ್ಯಗಳಿಂದ ಬರುವ ಗುಪ್ತ ವರದಿಗಳ ಮೇಲ್ವಿಚಾರಣೆ ಮಾಡುತ್ತಿದ್ದ. ಆ ಕಾಲದ ಅಂಚೆ ಅರಸನ ಕಣ್ಣು, ಅರಸನ ಕಿವಿ. ಅದರಲ್ಲಿ ಪ್ರಜೆಯ ಪತ್ರ ಹೋದರೆ ಅದು ಅರಸನ ದಯೆ. ಪತ್ರ ಒಡೆದಿದೆ ಎಂದು ದೂರುವ ಹಕ್ಕಾಗಲಿ, ದೂರು ಕೇಳುವ ಅಧಿಕಾರಿಯಾಗಲಿ ಇರಲಿಲ್ಲ.

ದುಡ್ಡು ಕೊಟ್ಟು ಪತ್ರ ಕಳಿಸುವ ಕಾಲ ಬಂದಾಗ ದೂರಿಗೂ ಜಾಗ ಸಿಕ್ಕಿತು. 1774ರಲ್ಲಿ ವಾರನ್ ಹೇಸ್ಟಿಂಗ್ಸ್ ಕಂಪನಿಯ ಟಪಾಲನ್ನು ಸಾರ್ವಜನಿಕರಿಗೆ ತೆರೆದ. ಪ್ರತಿ ನೂರು ಮೈಲಿಗೆ ಎರಡಾಣೆ ದರ. ಅದಕ್ಕೆಂದೇ ತಾಮ್ರದ ಬಿಲ್ಲೆಗಳನ್ನೂ ಹೊರಡಿಸಲಾಗಿತ್ತು. ಮುಂದಿನ ಎಂಬತ್ತು ವರ್ಷ ದರವು ದೂರ ಮತ್ತು ತೂಕವನ್ನು ನೆಚ್ಚಿಕೊಂಡಿತ್ತು. ಲೆಕ್ಕಾಚಾರ ಜನಸಾಮಾನ್ಯರಿಗೆ ಅರ್ಥವಾಗುವಂಥದ್ದಲ್ಲ. ಹಣ ನಗದಾಗಿ ಕೈಯಿಂದ ಕೈಗೆ ಹೋಗುತ್ತಿದ್ದುದರಿಂದ ಓದು ಬಾರದವರ ಮಟ್ಟಿಗೆ ಅಂಚೆ ಪೇದೆ ಹೇಳಿದ್ದೇ ದರವಾಗುತ್ತಿತ್ತು. 1850ರಲ್ಲಿ ನೇಮಕವಾದ ಅಂಚೆ ಆಯೋಗ ಈ ಗೊಂದಲಗಳನ್ನೆಲ್ಲ ಪರಿಶೀಲಿಸಿತು. ಅದರ ಶಿಫಾರಸಿನಂತೆ 1854ರ ಅಕ್ಟೋಬರ್ 1ರಿಂದ ದೇಶದ ಯಾವ ಮೂಲೆಗಾದರೂ ಒಂದೇ ದರ, ಕನಿಷ್ಠ ಅರ್ಧ ಆಣೆ, ಮತ್ತು ಮುಂಗಡವಾಗಿ ಅಂಟಿಸುವ ಅಂಚೆಚೀಟಿ ಜಾರಿಗೆ ಬಂದವು.

ಚೀಟಿ ಬಂದದ್ದೇ ಹೊಸ ಸಂಶಯ ಹುಟ್ಟಿತು. ಎರಡು ವರ್ಷ ಮೊದಲೇ ಸಿಂಧ್ ಪ್ರಾಂತ್ಯದಲ್ಲಿ ಬಾರ್ಟಲ್ ಫ್ರೀರ್ ಹೊರತಂದ ‘ಸಿಂಡ್ ಡಾಕ್’ ಚೀಟಿಯಲ್ಲಿ ಅರಗಿನಂಥ ಕೆಂಪು ಬಿಲ್ಲೆಯ ಮಾದರಿ ಒಂದಿತ್ತು. ಅದು ಒಣಗಿ ಪುಡಿಪುಡಿಯಾಗಿ ಉದುರಿಹೋಗುತ್ತಿತ್ತು. ಅದನ್ನು ಕೈಬಿಟ್ಟು ಕಾಗದದ ಮೇಲೆ ಉಬ್ಬಚ್ಚು ಒತ್ತಿದ ಚೀಟಿಗಳಿಗೆ ಹೋಗಬೇಕಾಯಿತು. ಉದುರುವುದು ವಸ್ತುವಿನ ದೋಷ, ಕೀಳುವುದು ಮನುಷ್ಯನ ಕೆಲಸ. ಅಂಚೆಚೀಟಿಯೆಂದರೆ ದುಡ್ಡೇ ಆಗಿತ್ತು. ಲಕೋಟೆಯ ಮೇಲಿನ ಚೀಟಿಯನ್ನು ನೌಕರರು ಕಿತ್ತುಕೊಂಡು ಪತ್ರವನ್ನು ಮಾಯಮಾಡುತ್ತಾರೆಂಬ ಭಯ ಜನರಲ್ಲಿ ಬೇರೂರಿತ್ತು. ಅದಕ್ಕೇ ಅನೇಕರು ಚೀಟಿ ಹಚ್ಚದೆ ‘ಬೇರಿಂಗ್’ ಪತ್ರ ಕಳಿಸುತ್ತಿದ್ದರು. ಪಡೆಯುವವನು ಇಮ್ಮಡಿ ದರ ತೆರಬೇಕಾಗಿದ್ದರೂ ಅದರಲ್ಲೇ ಭರವಸೆ ಹೆಚ್ಚು. ಹಣ ವಸೂಲಿಯಾಗಬೇಕಾದರೆ ಪೇದೆ ಮನೆ ಹುಡುಕಿಕೊಂಡು ಬರಲೇಬೇಕಲ್ಲ! ಕಂಪನಿಗಳು ಬೇರೊಂದು ದಾರಿ ಕಂಡುಕೊಂಡವು. ತಮ್ಮ ಹೆಸರಿನ ಮೊದಲಕ್ಷರಗಳನ್ನು ಚೀಟಿಯ ಮೇಲೆ ಸಣ್ಣ ಸಣ್ಣ ರಂಧ್ರಗಳಾಗಿ ಕೊರೆಸಿದವು. 1868ರಲ್ಲಿ ಇಂಗ್ಲೆಂಡಿನಲ್ಲಿ ಜೋಸೆಫ್ ಸ್ಲೋಪರ್ ಶುರುಮಾಡಿದ ಈ ಪದ್ಧತಿಯನ್ನು ಭಾರತದ ಬ್ಯಾಂಕುಗಳೂ ವ್ಯಾಪಾರಿ ಸಂಸ್ಥೆಗಳೂ ಅನುಸರಿಸಿದವು. ರಂಧ್ರವಿದ್ದ ಚೀಟಿಯನ್ನು ಕದ್ದು ಮಾರಲು ಬರುತ್ತಿರಲಿಲ್ಲ.

ಹಾಗೆಂದು ಹಾಳಾದ ಪತ್ರಗಳ ಹಿಂದೆಲ್ಲ ಕಳ್ಳನೇ ಇದ್ದನೆಂದಲ್ಲ. ರೈಲು ತಲುಪದ ಕಡೆಗಳಲ್ಲಿ ಟಪಾಲು ಓಡುತ್ತಿದ್ದುದು ಹರಿಕಾರರ ಕಾಲುಗಳ ಮೇಲೆ. ಹೆಗಲ ಮೇಲೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಭರ್ಜಿ. ತುಂಬಿ ಹರಿಯುವ ಹೊಳೆ, ಕಾಡುಹಾದಿಯ ಹುಲಿ, ಸುಲಿಗೆಕೋರರು ಎಲ್ಲವನ್ನೂ ದಾಟಿ ಅವರು ಮುಂದಿನ ಕಟ್ಟೆಗೆ ಚೀಲ ಮುಟ್ಟಿಸಬೇಕಿತ್ತು. ಪ್ರಾಣ ಕಳೆದುಕೊಂಡ ಹರಿಕಾರರೂ ಇದ್ದಾರೆ. ನೆನೆದು ಶಾಯಿ ಕದಡಿದ ಕಾಗದದ ಹಿಂದೆ ಇಂಥ ಒಂದು ಓಟವೂ ಇರಬಹುದಿತ್ತು. ಅಂಚೆಯ ಬಗ್ಗೆ ಸಿಟ್ಟಾಗುವವರು ಈ ಋಣವನ್ನೂ ನೆನೆಯಬೇಕು.

ಅಪಘಾತ ಯಾವುದು, ಅಪರಾಧ ಯಾವುದು ಎಂದು ಬೇರ್ಪಡಿಸಲು ಅಂಚೆ ಇಲಾಖೆ ತನ್ನದೇ ಒಂದು ಶಾಸ್ತ್ರವನ್ನು ಕಟ್ಟಿಕೊಂಡಿತು. ಅದರ ಮೂಲ ಸಾಮಗ್ರಿ ಮೂರೇ: ಹುರಿ, ಅರಗು ಮತ್ತು ಸಹಿ.

ಟಪಾಲು ಚೀಲ ತೆರೆಯುವ ಹಳೆಯ ಕ್ರಮವನ್ನೇ ನೋಡಿ. ಚೀಲದ ಬಾಯಿಗೆ ಹುರಿ ಬಿಗಿದು, ಹೊರಟ ಊರು ಮತ್ತು ಸೇರಬೇಕಾದ ಊರಿನ ಹೆಸರಿರುವ ಪಟ್ಟಿ ಕಟ್ಟಿ, ಗಂಟಿನ ಮೇಲೆ ಅರಗು ಸುರಿದು, ಕಚೇರಿಯ ಮೊಹರು ಒತ್ತಿರುತ್ತಾರೆ. ಚೀಲ ಪಡೆದವರು ಮೊದಲು ಮೊಹರು ಸರಿಯಿದೆಯೇ ಎಂದು ನೋಡಬೇಕು. ಆಮೇಲೆ ಹುರಿಯನ್ನು ಒಂದೇ ಕಡೆ ಕತ್ತರಿಸಬೇಕು. ಹೇಗೆಂದರೆ ಅರಗು, ಗಂಟು, ಪಟ್ಟಿ ಮೂರೂ ಒಂದಕ್ಕೊಂದು ಅಂಟಿಕೊಂಡೇ ಉಳಿಯಬೇಕು. ಒಳಗಿನ ಪತ್ರಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಎಲ್ಲವೂ ಸರಿಯೆಂದು ಖಾತ್ರಿಯಾಗುವವರೆಗೆ ಆ ತುಂಡನ್ನು ಎಸೆಯುವಂತಿಲ್ಲ. ಒಂದು ರಿಜಿಸ್ಟರ್ ಪತ್ರ ಕಡಿಮೆ ಬಿದ್ದರೂ ಅದೇ ತುಂಡು ಸಾಕ್ಷಿಯಾಗಿ ಮೇಲಧಿಕಾರಿಗೆ ಹೋಗುತ್ತದೆ. ಹುರಿಗೆ ಹೊಸ ಗಂಟು ಬಿದ್ದಿದೆಯೇ, ಅರಗನ್ನು ಎರಡನೆಯ ಸಲ ಕರಗಿಸಿದ್ದಾರೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. 1863ರಲ್ಲಿ ಅಲಹಾಬಾದ್ ಮತ್ತು ಕಾನ್ಪುರದ ನಡುವೆ ಓಡುವ ರೈಲಿನಲ್ಲೇ ಪತ್ರ ವಿಂಗಡಿಸುವ ಏರ್ಪಾಡು ಆರಂಭವಾಯಿತು. ಮುಂದೆ ಆರ್‌ಎಂಎಸ್ (ರೈಲ್ವೆ ಮೇಲ್ ಸರ್ವಿಸ್) ಎಂದು ಹೆಸರಾದ ಆ ಸೇವೆಯಲ್ಲಿ ಒಂದೇ ರಾತ್ರಿ ಹತ್ತಾರು ಚೀಲಗಳು ಕೈ ಬದಲಿಸುತ್ತಿದ್ದವು. ಪ್ರತಿ ಕೈಬದಲಿಗೂ ಒಂದು ಸಹಿ ಬೀಳುತ್ತಿತ್ತು.

ವಿಮೆ ಮಾಡಿದ ಪತ್ರಕ್ಕಂತೂ ನಿಯಮ ಇನ್ನೂ ಕಟ್ಟುನಿಟ್ಟು. ಲಕೋಟೆಯ ಮಡಿಕೆಗಳ ಮೇಲೆಲ್ಲ ಅರಗಿನ ಮೊಹರು ಬೀಳಬೇಕು. ಎಲ್ಲ ಮೊಹರಿನ ಅರಗೂ ಒಂದೇ ಬಗೆಯದಾಗಿರಬೇಕು, ಚಿಹ್ನೆಯೂ ಒಂದೇ ಆಗಿರಬೇಕು. ಚಲಾವಣೆಯಲ್ಲಿರುವ ನಾಣ್ಯವನ್ನೊತ್ತಿ ಮೊಹರು ಮಾಡುವಂತಿಲ್ಲ, ಬರೀ ಅಡ್ಡ ಗೆರೆ ಉದ್ದ ಗೆರೆ ಎಳೆಯುವಂತಿಲ್ಲ. ಅಂಥ ಗುರುತನ್ನು ಕಳ್ಳನೂ ಮಾಡಬಲ್ಲ. ಪತ್ರದ ತೂಕವನ್ನು ಬರೆದಿಟ್ಟು ತಲುಪಿದಾಗ ಮತ್ತೆ ತೂಗಬೇಕು. ಚುನಾವಣೆಯ ಶಾಯಿಗೆ ಹೆಸರಾದ ಮೈಸೂರಿನ ಕಾರ್ಖಾನೆ 1937ರಲ್ಲಿ ಹುಟ್ಟಿದ್ದು ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಎಂಬ ಹೆಸರಿನಲ್ಲಿ. ಮೊಹರಿಗೆ ಬಳಸುವ ಅರಗು ಅಲ್ಲಿಯ ಉತ್ಪನ್ನಗಳಲ್ಲೊಂದು.

1870ರ ದಶಕದ ಕೊನೆಯಲ್ಲಿ ವಿಮೆ ಮತ್ತು ವಸ್ತು ಕೈಸೇರಿದಾಗ ಹಣ ತೆರುವ ವಿ.ಪಿ.ಪಿ. ಬಂದವು. 1880ರಲ್ಲಿ ಮನಿಯಾರ್ಡರ್ ಅಂಚೆಯ ಸುಪರ್ದಿಗೆ ಬಂತು. 1889ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರಿನ ಅಂಚೆ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ನೋಟು ಕತ್ತರಿಸುವ ಜಾಗದಲ್ಲಿ ರಸೀದಿ ಬಂತು. ತಿಂಗಳ ಮನಿಯಾರ್ಡರನ್ನೇ ನೆಚ್ಚಿ ಬದುಕುವ ಮನೆಗಳು ಹಳ್ಳಿ ಹಳ್ಳಿಯಲ್ಲೂ ಹುಟ್ಟಿಕೊಂಡವು.

ಅಂಚೆಯವರಿಗೇ ಪತ್ರ ಒಡೆಯುವ ಅಧಿಕಾರ ಕೊಟ್ಟ ಒಂದು ಕಚೇರಿಯೂ ಇತ್ತು. ವಿಳಾಸ ಸಿಗದ, ಕಳಿಸಿದವರ ಗುರುತೂ ಇಲ್ಲದ ಪತ್ರಗಳು ಡೆಡ್ ಲೆಟರ್ ಆಫೀಸಿಗೆ ಹೋಗುತ್ತಿದ್ದವು. ಮುಂದೆ ಅದಕ್ಕೆ ರಿಟರ್ನ್ಡ್ ಲೆಟರ್ ಆಫೀಸು ಎಂಬ ಹೆಸರಾಯಿತು. ಅಲ್ಲಿ ಪತ್ರ ಬಿಚ್ಚುವವರು ಗುಟ್ಟು ಕಾಯುವ ಕಟ್ಟುಪಾಡಿಗೆ ಒಳಪಟ್ಟವರು. ಬಿಚ್ಚುತ್ತಿದ್ದುದು ವಿಳಾಸ ಹುಡುಕಲಿಕ್ಕೆ ಮಾತ್ರ. ಹುಡುಕಿದ ಮೇಲೆ ಪತ್ರಕ್ಕೆ ಇಲಾಖೆಯ ಮುದ್ರಿತ ಪಟ್ಟಿ ಅಂಟಿಸಿ ಹಿಂದಿರುಗಿಸುತ್ತಿದ್ದರು. ದಾರಿಯಲ್ಲಿ ತಾನಾಗಿ ಒಡೆದ ಲಕೋಟೆಗೂ ಇದೇ ಉಪಚಾರ. ಒಡೆದ ಸ್ಥಿತಿಯಲ್ಲಿ ಸಿಕ್ಕಿತೆಂದು ಬರೆದು, ಪಟ್ಟಿ ಅಂಟಿಸಿ, ತಾರೀಕಿನ ಠಸ್ಸೆ ಹೊಡೆದು ಮುಂದಕ್ಕೆ ಕಳಿಸುವುದು. ಆ ಒಂದು ಪಟ್ಟಿ ನೋಡಿದರೆ ಪತ್ರ ಪಡೆದವರ ಅರ್ಧ ಸಿಟ್ಟು ಇಳಿಯುತ್ತಿತ್ತು, ಏಕೆಂದರೆ ಇಲಾಖೆ ನಡೆದದ್ದನ್ನು ಒಪ್ಪಿಕೊಂಡಿತ್ತು.

ಇಂಥ ಗುರುತಿನ ಬಲ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಸ್ವತಂತ್ರ ಭಾರತದ ಕಾಲದ್ದು. 1950ರ ನವೆಂಬರ್ 3ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿದ್ದ ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ವಿಮಾನ ಆಲ್ಪ್ಸ್‌ನ ಮೋಂ ಬ್ಲಾಂ ಶಿಖರಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 48 ಜನರೂ ಸತ್ತರು. ಟಪಾಲು ಹಿಮದಲ್ಲಿ ಹೂತುಹೋಯಿತು. ಹಿಮನದಿ ಜರುಗುತ್ತ ಜರುಗುತ್ತ 1978ರಲ್ಲಿ ಒಂದಷ್ಟು ಪತ್ರಗಳನ್ನು ಹೊರಹಾಕಿತು. ಮೋಂ ಬ್ಲಾಂನ ಹಿಮದಲ್ಲೇ 2012ರಲ್ಲಿ ಭಾರತದ ವಿದೇಶಾಂಗ ಸಚಿವಾಲಯದ ಗುರುತಿದ್ದ ಒಂದು ಚೀಲ ಸಿಕ್ಕಿತು. ಅದು 1966ರಲ್ಲಿ ಅದೇ ಪರ್ವತಕ್ಕೆ ಬಡಿದ ಏರ್ ಇಂಡಿಯಾದ ಇನ್ನೊಂದು ವಿಮಾನ ‘ಕಾಂಚನಜುಂಗಾ’ದ್ದು. ಚೀಲದ ಮೇಲೆ ಹೆಸರಿತ್ತು, ಹಾಗಾಗಿ ಅದು ನಲವತ್ತಾರು ವರ್ಷ ಕಳೆದರೂ ಭಾರತದ ಅಧಿಕಾರಿಗಳ ಕೈಸೇರಿತು.

ಇನ್ನು ಗುಟ್ಟಾಗಿ ಒಡೆಯುವವರ ಕಥೆ. 1844ರಲ್ಲಿ ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಇಟಲಿಯ ಕ್ರಾಂತಿಕಾರಿ ಮ್ಯಾಝಿನಿಗೆ ತನ್ನ ಪತ್ರಗಳನ್ನು ಯಾರೋ ಓದುತ್ತಿದ್ದಾರೆಂಬ ಗುಮಾನಿ ಬಂತು. ಸ್ನೇಹಿತರಿಂದ ತನಗೇ ಪತ್ರ ಹಾಕಿಸಿಕೊಂಡ. ಅವುಗಳೊಳಗೆ ಗಸಗಸೆ ಕಾಳು, ಮರಳಿನ ಕಣ, ಕೂದಲೆಳೆ ಇಡಿಸಿದ. ಪತ್ರಗಳು ಬಂದಾಗ ಮೊಹರು ಸರಿಯಾಗಿತ್ತು, ಕಾಳುಗಳು ಇರಲಿಲ್ಲ. ಸಂಸದ ಥಾಮಸ್ ಡನ್‌ಕೂಂಬ್ ವಿಷಯವನ್ನು ಪಾರ್ಲಿಮೆಂಟಿಗೆ ಒಯ್ದ. ಗೃಹಮಂತ್ರಿ ಸರ್ ಜೇಮ್ಸ್ ಗ್ರಹಾಮ್ ಹೊರಡಿಸಿದ ವಾರಂಟಿನ ಮೇಲೆ ಪತ್ರಗಳನ್ನು ಒಡೆಯಲಾಗಿತ್ತೆಂದು ಬಯಲಾಯಿತು. ಇಡೀ ಇಂಗ್ಲೆಂಡ್ ಕೆರಳಿತು. ಅಂಚೆಯೊಳಗಿದ್ದ ಗುಪ್ತ ವಿಭಾಗವನ್ನು ಅದೇ ವರ್ಷ ಮುಚ್ಚಬೇಕಾಯಿತು.

ಅದೇ ಇಂಗ್ಲೆಂಡ್ ಭಾರತದಲ್ಲಿ ಬೇರೆ ಅಳತೆಗೋಲು ಬಳಸಿತು. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಹತ್ಯೆಯಾಯಿತು, ತಿಲಕರಿಗೆ ರಾಜದ್ರೋಹದ ಶಿಕ್ಷೆಯಾಯಿತು. ಮರುವರ್ಷ ರಾಜದ್ರೋಹದ ಕಾನೂನು ಬಿಗಿಯಾಯಿತು. ಅದೇ 1898ರಲ್ಲಿ ಭಾರತೀಯ ಅಂಚೆ ಕಚೇರಿ ಕಾಯ್ದೆಯೂ ಬಂತು. ಅದರ 26ನೇ ಸೆಕ್ಷನ್, ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ಹೆಸರಿನಲ್ಲಿ ಪತ್ರಗಳನ್ನು ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. 6ನೇ ಸೆಕ್ಷನ್, ಪತ್ರ ಕಳೆದರೂ ಕೆಟ್ಟರೂ ತಡವಾದರೂ ಸರ್ಕಾರ ಹೊಣೆಯಲ್ಲವೆಂದಿತು. ಆದರೆ ಆ ಕಾಯ್ದೆಯಲ್ಲೇ ಜನರ ಪರವಾದ ಎರಡು ಸೆಕ್ಷನ್‌ಗಳಿದ್ದವು. ಪತ್ರ ಕದಿಯುವ, ಬಚ್ಚಿಡುವ, ನಾಶಮಾಡುವ, ಎಸೆಯುವ ನೌಕರನಿಗೆ 52ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಸೆರೆವಾಸ. ಕರ್ತವ್ಯ ಮೀರಿ ಪತ್ರ ಒಡೆದರೆ ಅಥವಾ ತಡೆಹಿಡಿದರೆ 53ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ. ಸರ್ಕಾರ ತನ್ನನ್ನು ಕಾಪಾಡಿಕೊಂಡಿತ್ತು ನಿಜ, ಆದರೆ ಪತ್ರ ಮುಟ್ಟುವ ಪ್ರತಿಯೊಂದು ಕೈಯ ಮೇಲೂ ಕಾನೂನಿನ ಹೆದರಿಕೆ ಇತ್ತು.

ಮೊದಲ ಮಹಾಯುದ್ಧದಲ್ಲಿ ಪತ್ರ ಓದುವುದೇ ಒಂದು ಇಲಾಖೆಯಾಯಿತು. ಫ್ರಾನ್ಸಿನಲ್ಲಿ ಹೋರಾಡುತ್ತಿದ್ದ ಭಾರತೀಯ ಸೈನಿಕರ ಪತ್ರಗಳನ್ನು ಪರಿಶೀಲಿಸಲು 1914ರ ಕೊನೆಯಲ್ಲಿ ಕ್ಯಾಪ್ಟನ್ ಹೋವೆಲ್ ನೇತೃತ್ವದಲ್ಲಿ ಸೆನ್ಸಾರ್ ಕಚೇರಿ ತೆರೆಯಿತು. ಸೈನಿಕರಿಗೂ ಇದು ತಿಳಿಯಿತು. ಕರಿಮೆಣಸು ಮುಗಿಯುತ್ತ ಬಂದಿದೆ, ಕೆಂಪು ಮೆಣಸು ಉಳಿದಿದೆ ಎಂಬ ಅಡಿಗೆಮನೆಯ ಮಾತಿನಲ್ಲಿ ಭಾರತೀಯರ ಸಾವನ್ನೂ ಬಿಳಿಯರ ಸ್ಥಿತಿಯನ್ನೂ ಊರಿಗೆ ತಿಳಿಸಲು ನೋಡಿದರು. ಸೆನ್ಸಾರ್ ಆ ಗುಟ್ಟನ್ನೂ ಹಿಡಿದು ಅನುವಾದಿಸಿ ಕಡತಕ್ಕೆ ಸೇರಿಸಿತು. ಆ ವರದಿಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಒಡೆದ ಲಕೋಟೆಯ ಅಂಚಿಗೆ, ಪರೀಕ್ಷಕರು ತೆರೆದಿದ್ದಾರೆ ಎಂಬ ಮುದ್ರಿತ ಪಟ್ಟಿಯನ್ನು ಸಂಕೇತದ ಜೊತೆಗೆ ಅಂಟಿಸುತ್ತಿದ್ದರು. ಯುದ್ಧದ ನಡುವೆಯೂ ಒಡೆದ ಕೈ ತನ್ನ ಗುರುತು ಬಿಟ್ಟುಹೋಗುತ್ತಿತ್ತು.

ಸ್ವಾತಂತ್ರ್ಯ ಬಂತು, 1898ರ ಕಾಯ್ದೆ ಹಾಗೇ ಉಳಿಯಿತು. 1986ರಲ್ಲಿ ರಾಜೀವ್ ಗಾಂಧಿ ಸರ್ಕಾರ ಪತ್ರ ತಡೆಯುವ ಅಧಿಕಾರಕ್ಕೆ ಹೊಸ ರೂಪ ಕೊಡುವ ಮಸೂದೆ ತಂದಾಗ ದೇಶದಲ್ಲಿ ದೊಡ್ಡ ಚರ್ಚೆಯೆದ್ದಿತು. ಎರಡೂ ಸದನಗಳು ಒಪ್ಪಿದ ಮಸೂದೆಗೆ ರಾಷ್ಟ್ರಪತಿ ಜೈಲ್ ಸಿಂಗ್ ಅಂಕಿತ ಹಾಕಲಿಲ್ಲ. ತಿರಸ್ಕರಿಸಲೂ ಇಲ್ಲ. 1987ರಲ್ಲಿ ಅವರ ಅವಧಿ ಮುಗಿಯುವವರೆಗೂ ಅದು ಅವರ ಮೇಜಿನ ಮೇಲೇ ಇತ್ತು. ಮುಂದಿನ ರಾಷ್ಟ್ರಪತಿ ವೆಂಕಟರಾಮನ್ ಅದನ್ನು ಮರುಪರಿಶೀಲನೆಗೆ ಹಿಂದಿರುಗಿಸಿದರು. ಕೊನೆಗೆ 2002ರಲ್ಲಿ ಮಸೂದೆ ವಾಪಸಾಯಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಇಷ್ಟೆಲ್ಲ ಆದ ಮೇಲೆ ಬಂದ 2023ರ ಅಂಚೆ ಕಚೇರಿ ಕಾಯ್ದೆ ಈ ದಾರಿಯನ್ನು ಮುಂದುವರಿಸಬೇಕಿತ್ತು. 2024ರ ಜೂನ್ 18ರಿಂದ ಜಾರಿಯಲ್ಲಿರುವ ಈ ಕಾಯ್ದೆಯ 9ನೇ ಸೆಕ್ಷನ್‌ನಲ್ಲಿ ಪತ್ರವನ್ನು ತಡೆದು ತೆರೆಯುವ ಅಧಿಕಾರವಿದೆ. 10ನೇ ಸೆಕ್ಷನ್‌ನಲ್ಲಿ ಹೊಣೆಯಿಂದ ವಿನಾಯಿತಿಯೂ ಇದೆ. ಹಳೆಯ ಕಾಯ್ದೆಯ 52 ಮತ್ತು 53ರಂಥ ಸೆಕ್ಷನ್‌ಗಳು ಮಾತ್ರ ಇಲ್ಲ. ಸಣ್ಣಪುಟ್ಟ ಅಪರಾಧಗಳ ಶಿಕ್ಷೆ ತೆಗೆದು ಕಾನೂನನ್ನು ಸರಳಗೊಳಿಸಲೆಂದು 2023ರಲ್ಲೇ ಬಂದ ಜನ್ ವಿಶ್ವಾಸ್ ಕಾಯ್ದೆ, ಹಳೆಯ ಅಂಚೆ ಕಾಯ್ದೆಯ ಅಪರಾಧಗಳನ್ನೂ ಆ ಪಟ್ಟಿಗೆ ಸೇರಿಸಿತ್ತು. ಕಳ್ಳತನಕ್ಕೆ, ನಂಬಿಕೆದ್ರೋಹಕ್ಕೆ ಸಾಮಾನ್ಯ ದಂಡಸಂಹಿತೆ ಇದ್ದೇ ಇದೆ ಎಂಬ ಸಮಾಧಾನ ಸಾಲದು. ಏನನ್ನೂ ಕದಿಯದೆ ಬರೀ ಒಡೆದು ಓದಿದ ನೌಕರನನ್ನು ಯಾವ ಸೆಕ್ಷನ್ ಅಡಿ ಹಿಡಿಯಬೇಕು? ಬ್ರಿಟಿಷರ ಕಾಯ್ದೆ ಉತ್ತರಿಸಿದ್ದ ಈ ಪ್ರಶ್ನೆಗೆ ಸ್ವತಂತ್ರ ಭಾರತದ ಅಂಚೆ ಕಾಯ್ದೆಯಲ್ಲಿ ಉತ್ತರವಿಲ್ಲ. ಪರಿಹಾರದ ಮಾತೂ ಅಷ್ಟೆ. ಸ್ಪೀಡ್ ಪೋಸ್ಟ್ ಕಳೆದರೆ ಅಥವಾ ಹಾಳಾದರೆ ಸಿಗುವುದು ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಎಂಬುದು ಬಹುಕಾಲದಿಂದ ನಡೆದುಬಂದ ನಿಯಮ. ಲಕೋಟೆಯೊಳಗಿನ ಮೂಲ ಅಂಕಪಟ್ಟಿಗೋ ಕ್ರಯಪತ್ರಕ್ಕೋ ಇದು ಯಾವ ಲೆಕ್ಕ?

ಅಂಚೆಯವರ ಮೇಲೆ ಗುಮಾನಿ ಪಡಲೆಂದು ಇದನ್ನು ಹೇಳುತ್ತಿಲ್ಲ. ಬಿಸಿಲು ಮಳೆಯೆನ್ನದೆ ಪಿಂಚಣಿ, ಪಾಸ್‌ಪೋರ್ಟು, ಔಷಧಿ ಹೊತ್ತು ತರುವ ಪ್ರಾಮಾಣಿಕ ನೌಕರರೇ ಹೆಚ್ಚು. ತಪ್ಪು ಯಾರದೆಂದು ತೋರಿಸುವ ದಾಖಲೆ ಇದ್ದರೆ ಅವರ ಹೆಸರೂ ಉಳಿಯುತ್ತದೆ. ಪತ್ರ ಪಡೆಯುವವರೂ ಒಂದು ಮಾತು ನೆನಪಿಡಬೇಕು. ನೋಂದಾಯಿತ ಅಥವಾ ವಿಮೆ ಮಾಡಿದ ವಸ್ತು ಹರಿದ, ಒದ್ದೆಯಾದ, ಮತ್ತೆ ಅಂಟಿಸಿದಂತೆ ಕಾಣುವ ಸ್ಥಿತಿಯಲ್ಲಿ ಬಂದರೆ ಕಣ್ಣುಮುಚ್ಚಿ ಸಹಿ ಹಾಕಬಾರದು. ‘ಓಪನ್ ಡೆಲಿವರಿ’ ಕೇಳಬೇಕು. ಪೋಸ್ಟ್ ಮಾಸ್ತರರ ಎದುರು ಅದನ್ನು ಬಿಚ್ಚಿಸಿ, ಒಳಗೆ ಏನಿದೆ ಏನಿಲ್ಲ ಎಂಬುದನ್ನು ಬರೆಸಿ, ಆಮೇಲೆ ಸಹಿ ಮಾಡಬೇಕು. ಲಕೋಟೆಯನ್ನೂ ರಸೀದಿಯನ್ನೂ ಜೋಪಾನವಾಗಿಟ್ಟು ಲಿಖಿತ ದೂರು ಕೊಡಬೇಕು. ಕರ್ನಾಟಕದ ಸಂಸದರು, ಯಾವ ಪಕ್ಷದವರೇ ಆಗಿರಲಿ, ಅಂಚೆ ಕಾಯ್ದೆಗೆ ತಿದ್ದುಪಡಿ ಕೇಳಬೇಕು. ಅನುಮತಿಯಿಲ್ಲದೆ ಪತ್ರ ಒಡೆಯುವುದು ಶಿಕ್ಷಾರ್ಹ ಅಪರಾಧವೆಂಬ ಸೆಕ್ಷನ್ ಅದಕ್ಕೆ ಮರಳಿ ಸೇರಬೇಕು.